ಸೇವ್ ಒತ್ತಿದರೆ ಒಂದೇ ತೂಕ ಎರಡು ಸಲ, ನಾಲ್ಕು ಸಲ ಸೇರುತ್ತಿದೆ

ಸಿದ್ದಾಪುರ_ತೋಟ:
ನಮಸ್ಕಾರ. ನಮ್ಮ ತೋಟದಲ್ಲಿ ಈಗ ರೊಬಸ್ಟಾ ಕಾಫಿ ಕುಯ್ಲು. ಸಂಜೆ ಚೀಲ ತೂಗುವಾಗ ಯಾರು ಎಷ್ಟು ಕಿಲೋ ಕುಯ್ದರು ಅಂತ ಬರೆದುಕೊಳ್ಳಲು ಒಂದು ಚಿಕ್ಕ ವೆಬ್ ಪೇಜ್ ಮಾಡಿದ್ದೇನೆ. ಬರೀ ಜಾವಾಸ್ಕ್ರಿಪ್ಟ್, ರಿಯಾಕ್ಟ್ ಗಿಯಾಕ್ಟ್ ಅಂತ ಲೈಬ್ರರಿ ಏನೂ ಇಲ್ಲ. ಕೋಡ್ ಎಲ್ಲ ಒಂದೇ ಫೈಲ್‌ನಲ್ಲಿದೆ, ಲೆಕ್ಕ ಬ್ರೌಸರ್ ತನ್ನಲ್ಲೇ ಉಳಿಸಿಕೊಳ್ಳುವ ಲೋಕಲ್ ಸ್ಟೋರೇಜ್‌ನಲ್ಲಿದೆ. ಪೇಜ್ ತೆರೆದು ಮೊದಲ ತೂಕ ಹಾಕಿದರೆ ಸರಿಯಾಗಿ ಸೇರುತ್ತದೆ. ಎರಡನೆಯದು ಎರಡು ಸಲ, ಮೂರನೆಯದು ನಾಲ್ಕು ಸಲ! ರಿಫ್ರೆಶ್ ಮಾಡಿದರೆ ಮತ್ತೆ ಒಂದರಿಂದ ಶುರು. ತೆರೆಯ ಮೇಲೆ ತೋರಿಸುವ ರೆಂಡರ್ ಫಂಕ್ಷನ್‌ನಲ್ಲಿ ಪಟ್ಟಿ ಬರೆದು, ಅದರ ಕೊನೆಗೆ ಸೇವ್ ಬಟನ್‌ಗೆ ಆಡ್‌ಇವೆಂಟ್‌ಲಿಸನರ್ (ಒತ್ತಿದಾಗ ಓಡುವ ಕೋಡ್, ಅಂದರೆ ಲಿಸನರ್, ಅಂಟಿಸುವ ಸಾಲು) ಹಾಕಿದ್ದೇನೆ. ಕೂಲಿ ಕಿಲೋ ಲೆಕ್ಕದಲ್ಲಿ ಕೊಡುವುದು, ಹಾಗಾಗಿ ಬೇಗ ಸರಿಯಾಗಬೇಕು.

ಮಡಿಕೇರಿ_ಕೋಡ್:
ಆ ಕೊನೆಯ ಸಾಲೇ ಕಾರಣ. ಪಟ್ಟಿಯನ್ನು ಪ್ರತಿ ಸಲ ಹೊಸದಾಗಿ ಬರೆಯುತ್ತೀರಿ, ಆದರೆ ಸೇವ್ ಬಟನ್ ಪಟ್ಟಿಯ ಹೊರಗಿದೆ, ಅದು ಹಳೆಯದೇ ಉಳಿಯುತ್ತದೆ ಅಲ್ವಾ? ರೆಂಡರ್ ಓಡಿದಾಗಲೆಲ್ಲ ಅದೇ ಬಟನ್‌ಗೆ ಇನ್ನೊಂದು ಲಿಸನರ್ ಅಂಟಿಕೊಳ್ಳುತ್ತದೆ. ಒಂದು ಸಲ ಒತ್ತಿದಾಗ ಇದ್ದ ಲಿಸನರ್‌ಗಳೆಲ್ಲ ಓಡುತ್ತವೆ, ಒಂದೊಂದೂ ಸೇವ್ ಮಾಡಿ ಮತ್ತೆ ರೆಂಡರ್ ಕರೆಯುತ್ತದೆ, ಒಂದೊಂದು ರೆಂಡರ್ ಮತ್ತೊಂದು ಲಿಸನರ್ ಹಾಕುತ್ತದೆ. ಅದಕ್ಕೇ ಒಂದು, ಎರಡು, ನಾಲ್ಕು, ಎಂಟು ಅಂತ ಏರುವುದು.

ಆ ಸಾಲನ್ನು ರೆಂಡರ್‌ನಿಂದ ಹೊರಗೆ ತೆಗೆದು, ಪೇಜ್ ಶುರುವಾಗುವಾಗ ಒಂದೇ ಸಲ ಓಡುವ ಜಾಗದಲ್ಲಿ ಇಡಿ. ಇವತ್ತಿಗೆ ಅಷ್ಟು ಸಾಕು. ಆದರೆ ರೆಂಡರ್ ಅನ್ನೋದು ಇರುವ ಡೇಟಾ ನೋಡಿ ತೆರೆಯ ಮೇಲೆ ಬರೆಯಬೇಕು ಅಷ್ಟೇ. ಅದು ಸೇವ್ ಮಾಡಬಾರದು, ಲಿಸನರ್ ಹಾಕಬಾರದು. ಇದೊಂದನ್ನು ಬಿಗಿಯಾಗಿ ಹಿಡಿದರೆ ಇಂಥ ತೊಂದರೆ ಬಹಳಷ್ಟು ತಪ್ಪುತ್ತದೆ.

ಕೂಲಿ ಕೊಡುವ ಮೊದಲು ಹಳೆಯ ಲೆಕ್ಕವನ್ನೂ ನೋಡಿ. ಒಂದೇ ತೂಕ ಎರಡು ಕಡೆ ಇದೆ ಅಂತ ಸುಮ್ನೆ ಅಳಿಸಬೇಡಿ, ಒಬ್ಬರೇ ಎರಡು ಚೀಲ ಅಷ್ಟೇ ತೂಕದ್ದು ತಂದಿರಬಹುದು. ಸಾಲಿನ ಜೊತೆ ಸಮಯ ಇಟ್ಟಿದ್ದರೆ ಹೆಸರು, ತೂಕ, ಸೆಕೆಂಡು ಮೂರೂ ಒಂದೇ ಇರುವುದನ್ನು ಮಾತ್ರ ತೆಗೆಯಿರಿ. ಸಮಯ ಇಲ್ಲದಿದ್ದರೆ ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದ ಜೊತೆ ತಾಳೆ ನೋಡಲೇಬೇಕು.

ಸಿದ್ದಾಪುರ_ತೋಟ:
ಸರಿಹೋಯಿತು, ತುಂಬಾ ಥ್ಯಾಂಕ್ಸ್! ಸಮಯ ಇಟ್ಟಿದ್ದೆ, ಹಾಗಾಗಿ ಲೆಕ್ಕವೂ ಸಿಕ್ಕಿತು. ಆದರೆ ಪಟ್ಟಿಯ ಪ್ರತಿ ಸಾಲಿಗೂ ಡಿಲೀಟ್ ಬಟನ್ ಇದೆ. ಅವು ರೆಂಡರ್ ಆದಾಗಲೆಲ್ಲ ಹೊಸದಾಗಿ ಹುಟ್ಟುತ್ತವೆ. ಅವಕ್ಕೆ ಲಿಸನರ್ ಹೊರಗೆ ಹಾಕುವುದು ಹೇಗೆ?

ಪೊನ್ನಂಪೇಟೆ_ವೆಬ್:
ಬಟನ್‌ಗಳಿಗೆ ಹಾಕಲೇಬೇಡಿ, ಅವು ಇರುವ ಪಟ್ಟಿಗೆ ಒಂದೇ ಲಿಸನರ್ ಹಾಕಿ. ಒಳಗಿನ ಬಟನ್ ಒತ್ತಿದರೆ ಆ ಕ್ಲಿಕ್ ಮೇಲಕ್ಕೆ ಪಟ್ಟಿಯವರೆಗೂ ಬರುತ್ತದೆ. ಅಲ್ಲಿ ಇವೆಂಟ್‌ನ ಟಾರ್ಗೆಟ್ (ಕ್ಲಿಕ್ ಬಿದ್ದ ಜಾಗ) ಮೇಲೆ ಕ್ಲೋಸೆಸ್ಟ್ ಕರೆದು ಯಾವ ಬಟನ್ ಅಂತ ಹಿಡಿಯಿರಿ, ಬಟನ್ ಮೇಲೆ ಬರೆದಿಟ್ಟ ಡೇಟಾ ಆಟ್ರಿಬ್ಯೂಟ್‌ನಿಂದ ಐಡಿ ತೆಗೆದುಕೊಳ್ಳಿ. ಇದಕ್ಕೆ ಇವೆಂಟ್ ಡೆಲಿಗೇಶನ್ ಅಂತಾರೆ. ಐಡಿ ಅಂದರೆ ಸಾಲಿನ ಕ್ರಮಸಂಖ್ಯೆ ಅಲ್ಲ, ಪ್ರತಿ ತೂಕಕ್ಕೂ ಕೊಟ್ಟ ಬದಲಾಗದ ಗುರುತು; ಒಂದು ಸಾಲು ಅಳಿಸಿದ ಕೂಡಲೇ ಕ್ರಮಸಂಖ್ಯೆ ಎಲ್ಲ ಜರುಗಿ ಬೇರೆಯವರ ತೂಕ ಹೋಗಿಬಿಡಬಹುದು.

ಮಡಿಕೇರಿ_ಕೋಡ್:
ಬಿಡುವಾದಾಗ ಫೈಲ್ ಕೂಡ ಒಡೆಯಿರಿ. ತೂಕದ ಡೇಟಾ ಮತ್ತು ಸ್ಟೋರೇಜ್ ಒಂದರಲ್ಲಿ, ರೆಂಡರ್ ಇನ್ನೊಂದರಲ್ಲಿ, ಲಿಸನರ್ ಹಾಕಿ ಶುರು ಮಾಡುವುದು ಮೂರನೆಯದರಲ್ಲಿ. ಒಂದು ಫೈಲ್‌ನ ಕೋಡ್ ಇನ್ನೊಂದರಲ್ಲಿ ಬಳಸುವ ಇಂಪೋರ್ಟ್, ಎಕ್ಸ್‌ಪೋರ್ಟ್ ಜಾವಾಸ್ಕ್ರಿಪ್ಟ್‌ನ 2015ರ ಆವೃತ್ತಿ ಇಎಸ್6ನಿಂದ ಭಾಷೆಯಲ್ಲೇ ಇದೆ. ಮೂರಕ್ಕಿಂತ ಜಾಸ್ತಿ ಫೈಲ್ ಇಷ್ಟು ಚಿಕ್ಕ ಆ್ಯಪ್‌ಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. ನೀವು ಎಚ್‌ಟಿಎಂಎಲ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆಯುತ್ತಿದ್ದರೆ ಇಂಪೋರ್ಟ್ ಓಡುವುದಿಲ್ಲ, ಬ್ರೌಸರ್ ತಡೆಯುತ್ತದೆ. ಲೋಕಲ್ ಸರ್ವರ್, ಅಂದರೆ ನಿಮ್ಮ ಕಂಪ್ಯೂಟರ್‌ನಿಂದಲೇ ಪೇಜ್ ಕೊಡುವ ಪ್ರೋಗ್ರಾಂ, ಬೇಕು. ಪೈಥಾನ್ ಜೊತೆಗೇ ಒಂದು ಬರುತ್ತದೆ, ಮಳೆಗೆ ನೆಟ್ ಹೋದರೂ ಅದು ಲ್ಯಾಪ್‌ಟಾಪ್‌ನಲ್ಲೇ ನಡೆಯುತ್ತದೆ. ಆದರೆ ಲೋಕಲ್ ಸ್ಟೋರೇಜ್ ವಿಳಾಸಕ್ಕೆ ತಕ್ಕಂತೆ ಬೇರೆ ಬೇರೆ. ಆ ಸರ್ವರ್‌ನ ವಿಳಾಸವಾದ ಲೋಕಲ್‌ಹೋಸ್ಟ್‌ನಿಂದ ತೆರೆದ ಕೂಡಲೇ ಪಟ್ಟಿ ಖಾಲಿ ಕಾಣುತ್ತದೆ, ಗಾಬರಿಯಾಗಬೇಡಿ, ಹಳೆಯದು ಹಳೆಯ ವಿಳಾಸದಲ್ಲೇ ಇರುತ್ತದೆ. ಅದಕ್ಕೇ ಮೊದಲು ಎಲ್ಲವನ್ನೂ ಜೇಸನ್ (ಡೇಟಾ ಬರೆದಿಡುವ ಪಠ್ಯ ರೂಪ) ಫೈಲ್ ಆಗಿ ಇಳಿಸಿಕೊಂಡು ಆಮೇಲೆ ಹೊಸ ವಿಳಾಸದಲ್ಲಿ ತುಂಬಿ.

ಸಿದ್ದಾಪುರ_ತೋಟ:
ವಿಳಾಸದ ಕೊನೆಯ ಪೋರ್ಟ್ ಸಂಖ್ಯೆ ಬದಲಾದರೂ ಖಾಲಿ ಆಗುತ್ತದಾ?

ಮಡಿಕೇರಿ_ಕೋಡ್:
ಹೌದು, ಪೋರ್ಟ್ ಬದಲಾದರೆ ವಿಳಾಸವೇ ಬೇರೆ ಆದಂತೆ. 8000 ಅಂದರೆ ಯಾವಾಗಲೂ 8000 ಇಟ್ಟುಕೊಳ್ಳಿ.