ಹರ್ಲಿಂಗ್ ನೋಡಲೂ ಚಂದಾ ಕಟ್ಟಬೇಕೇ?

ಗುಬ್ಬಿ ಮೇಷ್ಟ್ರು: ಮಗಳು ಐರ್ಲೆಂಡಿನ ಕಾರ್ಕ್‌ನಲ್ಲಿ ನರ್ಸ್. ಅವಳ ಮನೆಗೆ ಹೋದಾಗ ನನಗೆ ಹರ್ಲಿಂಗ್ ಎಂಬ ಅಲ್ಲಿನ ಆಟದ ಹುಚ್ಚು ಹಿಡಿಯಿತು. ತಂಡಕ್ಕೆ ಹದಿನೈದು ಮಂದಿ, ಕೈಯಲ್ಲಿ ಚಪ್ಪಟೆ ತುದಿಯ ಮರದ ಕೋಲು. ಚೆಂಡು ಗೋಲಿನ ಅಡ್ಡಪಟ್ಟಿಯ ಮೇಲೆ ಹಾರಿದರೆ ಒಂದು ಅಂಕ, ಕೆಳಗೆ ಬಲೆಗೆ ಬಿದ್ದರೆ ಮೂರು. ಈಗ ಎಷ್ಟೋ ಪಂದ್ಯಗಳು ಈ ಆಟ ನಡೆಸುವ ಸಂಸ್ಥೆ ಜಿಎಎಯ ಅಂತರ್ಜಾಲ ಪ್ರಸಾರ ಸೇವೆ ಜಿಎಎ ಪ್ಲಸ್‌ನಲ್ಲಿ ಹಣ ಕೊಟ್ಟವರಿಗೆ ಮಾತ್ರ. ಆಡುವವರಿಗೆ ಸಂಬಳವಿಲ್ಲ, ನೋಡುವವರಿಗೆ ಬಿಲ್ಲು! ಇದು ಯಾವ ನ್ಯಾಯ?

ಶಿರಾ ಕಡಲೆಕಾಯಿ: ಮೇಷ್ಟ್ರೇ, 2014ರಲ್ಲಿ ಹಣ ಕಟ್ಟಿ ನೋಡುವ ಸ್ಕೈ ವಾಹಿನಿಗೆ ಪ್ರಸಾರದ ಹಕ್ಕು ಕೊಟ್ಟಾಗಲೂ ಅಲ್ಲಿ ಇದೇ ಗಲಾಟೆ. ಸ್ಕೈ ಹೋಯಿತು. 2023ರಲ್ಲಿ ಅಲ್ಲಿನ ಮನ್‌ಸ್ಟರ್ ಪ್ರಾಂತ್ಯದ ಕೆಲವು ಪಂದ್ಯಗಳು ಜಿಎಎ ಪ್ಲಸ್‌ಗೂ ಮುಂಚಿನ ಚಂದಾ ಸೇವೆ ಜಿಎಎಗೋ ಪಾಲಾದಾಗ ಮತ್ತೆ ರಂಪ, ರಾಜಕಾರಣಿಗಳೂ ಬಾಯಿ ಹಾಕಿದರು. ಆದರೆ ಫೈನಲ್ ಅಲ್ಲಿನವರಿಗೆ ಐರ್ಲೆಂಡಿನ ಸರ್ಕಾರಿ ವಾಹಿನಿ ಆರ್‌ಟಿಇಯಲ್ಲಿ ಉಚಿತ.

ತಿಪಟೂರು ಕೊಬ್ಬರಿ: ನಮ್ಮ ಐಪಿಎಲ್‌ನ 2023–27ರ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಅದರ ಮುಂದೆ ಇದು ಚಿಲ್ಲರೆ ವ್ಯಾಪಾರ. ಚಂದಾ ಹಣ ಊರಿನ ಕ್ಲಬ್ಬಿಗೆ ತಲುಪುವುದಾದರೆ ಕೊಡಲು ನನಗೇನೂ ಹೊಟ್ಟೆಯುರಿಯಿಲ್ಲ.

ಗುಬ್ಬಿ ಮೇಷ್ಟ್ರು: ಸರಿ, ಕಟ್ಟುತ್ತೇನೆ. ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನ ಎರಡು ಎಂದರೆ ನಮಗೆ ಸಂಜೆ ಆರೂವರೆ. ನಮ್ಮ ಬೀದಿಯಲ್ಲಿ ಕರೆಂಟು ಹೋಗುವುದೂ ಅದೇ ಹೊತ್ತಿಗೆ. ಯುಪಿಎಸ್ ಯಾವುದು ಒಳ್ಳೆಯದು, ಹೇಳಿ.