ಸಹಾಯ ಬೇಕು: ಬೆಟ್ಟದ ಕ್ಯಾಂಪಸ್ಸಿನ ನಡಿಗೆಯಲ್ಲಿ ಇಳಿಯುವಾಗ ಮಾತ್ರ ಮಂಡಿನೋವು

ಎಲ್ಲರಿಗೂ ನಮಸ್ಕಾರ. ಬೆಟ್ಟದ ಮೇಲೆ ಹರಡಿಕೊಂಡಿರುವ ವಿಶ್ವವಿದ್ಯಾಲಯದ ಆವರಣದಲ್ಲಿ ನಾನು ಆರು ತಿಂಗಳಿಂದ ಬೆಳಿಗ್ಗೆ ಮತ್ತು ಸಂಜೆ ತಲಾ 40 ನಿಮಿಷ ನಡೆಯುತ್ತಿದ್ದೇನೆ. ಕಣಿವೆಯಲ್ಲಿ ತಂಗಿದ ಮಂಜು ಬಿಸಿಲೇರಿದಂತೆ ಕರಗುವುದನ್ನೂ, ಗ್ರಂಥಾಲಯದ ಹಿಂದಿನ ದಿಬ್ಬದಿಂದ ಸೂರ್ಯ ಮುಳುಗುವುದನ್ನೂ ನೋಡುವ ಈ ಎರಡು ಹೊತ್ತನ್ನು ಬಿಡಲು ನನಗೆ ಸುತರಾಂ ಮನಸ್ಸಿಲ್ಲ.

ಏರುವಾಗ ಏದುಸಿರು ಬರುತ್ತದೆಯೇ ಹೊರತು ನೋವಿಲ್ಲ. ಇಳಿಯುವಾಗ ಮಾತ್ರ, ಕೆಲವು ವಾರಗಳಿಂದ, ಬಲ ಮಂಡಿಚಿಪ್ಪಿನ ಹಿಂದೆ ಚುಚ್ಚಿದಂತಾಗುತ್ತದೆ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕಾಗುವುದರಿಂದ ಮಂಡಿಯ ಮೇಲೆ ಒತ್ತಡ ಹೆಚ್ಚುತ್ತದೆ ಎಂದು ತಿಳಿದು, ಹೆಜ್ಜೆಗಳನ್ನು ಚಿಕ್ಕದಾಗಿಸಿದೆ, ಹಿಡಿತವಿರುವ ಶೂ ಕೊಂಡೆ, ಊರುಗೋಲನ್ನೂ ಬಳಸಿದೆ. ಒಂದು ವಾರ ಪೂರ್ತಿ ವಿಶ್ರಾಂತಿ ಪಡೆದಾಗ ತಗ್ಗಿದ ನೋವು, ನಡಿಗೆ ಆರಂಭಿಸಿದ ಮೂರನೆಯ ದಿನವೇ ಮರಳಿತು. ಸವೆತವಾಗಲಿ ಊತವಾಗಲಿ ಇಲ್ಲವೆಂದ ವೈದ್ಯರು ತೊಡೆಗೆ ಬಲ ತುಂಬುವ ವ್ಯಾಯಾಮ ಸೂಚಿಸಿದ್ದು, ಅದನ್ನು ತಪ್ಪದೆ ಮಾಡುತ್ತಿದ್ದೇನೆ.

ನನ್ನ ಗೊಂದಲ ದಾರಿಯ ಬಗ್ಗೆ. ಮೇಲಿನಿಂದ ಕೆಳಗಿಳಿಯಲು ಒಂದು ಕಡೆ ಕಡಿದಾದ ಕಲ್ಲಿನ ಮೆಟ್ಟಿಲುಗಳಿವೆ. ಕಂಬಿ ಹಿಡಿಯಬಹುದಾದರೂ ಮುಂಜಾನೆಯ ಇಬ್ಬನಿಗೆ ಅವು ಜಾರುತ್ತವೆ. ಇನ್ನೊಂದು ಕಡೆ ಬಳಸಿ ಬರುವ ಡಾಂಬರು ರಸ್ತೆ ನಿಧಾನವಾಗಿ ಇಳಿಯುತ್ತದೆ, ಆದರೆ ಅದು ಸುಮಾರು ಮೂರು ಪಟ್ಟು ಉದ್ದ. ಪ್ರತಿ ಹೆಜ್ಜೆಯ ಒತ್ತಡ ಕಡಿಮೆಯಾದರೂ ಹೆಜ್ಜೆಗಳ ಸಂಖ್ಯೆಯೇ ಹೆಚ್ಚಾದರೆ ಮಂಡಿಗೆ ಲಾಭವುಂಟೇ ಎಂಬುದು ನನಗೆ ಬಗೆಹರಿಯುತ್ತಿಲ್ಲ.

ಇಂಥ ನೋವನ್ನು ದಾಟಿ ಬಂದವರು ಅಥವಾ ಫಿಸಿಯೋಥೆರಪಿ ಬಲ್ಲವರು ದಯವಿಟ್ಟು ತಿಳಿಸಿ: ಮೆಟ್ಟಿಲು ಹತ್ತಿ ರಸ್ತೆಯಲ್ಲಿ ಇಳಿಯುವುದು ಸರಿಯೇ, ಅಥವಾ ನೋವು ಪೂರ್ತಿ ಹೋಗುವವರೆಗೆ ಎರಡೂ ಹೊತ್ತು ಸಮತಟ್ಟಾದ ಮೈದಾನದಲ್ಲೇ ನಡೆಯಬೇಕೇ?