ಪದಚರ್ಚೆ: ಟೆನಿಸ್ ರಾಕೆಟ್ಟಿನ ‘ಗಟ್ಟಿ’ ಸ್ಟ್ರಿಂಗ್ – ಬಾಳಿಕೆಯೋ, ಬಿಗಿಯೋ, ಪೆಡಸೋ?

ಗೆಳೆಯರೇ, ನಮಸ್ಕಾರ.

ಮೈಸೂರಿನಲ್ಲಿ ಟೆನಿಸ್ ಕಲಿಯುವ ಮಕ್ಕಳ ಅಪ್ಪ-ಅಮ್ಮಂದಿರಿಗೆ ಅಂತ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಮಾಡುತ್ತಿದ್ದೇವೆ. ರಾಕೆಟ್ಟಿಗೆ ಯಾವ ಸ್ಟ್ರಿಂಗ್ (ಚೆಂಡಿಗೆ ತಾಗುವ ಬಲೆಯ ಎಳೆ) ಹಾಕಿಸಬೇಕು, ಪಾಲಿಯೆಸ್ಟರ್ ಸ್ಟ್ರಿಂಗ್ ಯಾರಿಗೆ ಸರಿ, ಯಾರಿಗೆ ಬೇಡ ಅನ್ನುವುದಷ್ಟೇ ವಿಷಯ. ಆಟದ ಸಂಗತಿ ಸಲೀಸಾಗಿ ಬಂತು. ತೊಡಕಾಗಿರುವುದು ಒಂದು ಪದ: ‘ಗಟ್ಟಿ’.

ಗಟ್ಟಿಂಗ್, ಅಂದರೆ ರಾಕೆಟ್ಟಿಗೆ ಸ್ಟ್ರಿಂಗ್ ಹಾಕುವ ಕೆಲಸ, ಮಾಡುವ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: “ಸಾರ್, ಗಟ್ಟಿಯಾಗಿರೋದು ಹಾಕ್ಬಿಡಿ. ತಿಂಗಳಿಗೊಂದ್ಸಲ ಕಿತ್ಕೊಂಡ್ ಬಂದ್ರೆ ನಮ್ಗೂ ಕಷ್ಟ ಅಲ್ವಾ?” ಈ ಅಪ್ಪ ಕೇಳುತ್ತಿರುವುದು ಬಾಳಿಕೆ ಬರುವ ಸ್ಟ್ರಿಂಗ್. ಅಂಗಡಿಯವರು ಪಾಲಿಯೆಸ್ಟರ್ ತೆಗೆಯುತ್ತಾರೆ. ಬಾಳಿಕೆ ಮಾತ್ರ ನೋಡಿದರೆ ಅದು ಸರಿಯೇ. ಆದರೆ ಪಾಲಿಯೆಸ್ಟರ್ ಇನ್ನೊಂದು ಅರ್ಥದಲ್ಲೂ ಗಟ್ಟಿ. ಸುಲಭಕ್ಕೆ ಬಗ್ಗುವುದಿಲ್ಲ, ನೈಲಾನಿನಷ್ಟು ಹಿಗ್ಗುವುದಿಲ್ಲ, ಚೆಂಡಿನ ಏಟನ್ನು ಕೈಗೆ ದಾಟಿಸುತ್ತದೆ. ಆಮೇಲೆ ಅಂಗಡಿಯವರು “ಎಷ್ಟು ಪೌಂಡ್ ಹಾಕ್ಲಿ?”, ಅಂದರೆ ಎಷ್ಟು ಬಲವಾಗಿ ಎಳೆದು ಕಟ್ಟಲಿ, ಅಂತ ಕೇಳಿದರೆ ಮತ್ತೆ ಅದೇ ಉತ್ತರ: “ಗಟ್ಟಿಯಾಗೇ ಎಳೀರಿ ಸಾರ್.” ಇಲ್ಲಿ ಗಟ್ಟಿ ಅಂದರೆ ಬಿಗಿ. ಮೂರು ಬೇರೆ ಬೇರೆ ಗುಣಕ್ಕೆ ಒಂದೇ ಮಾತು. ಹತ್ತು-ಹನ್ನೊಂದು ವರ್ಷದ ಮಗುವಿನ ರಾಕೆಟ್ಟಿನಲ್ಲಿ ಮೂರೂ ಒಟ್ಟಿಗೆ ಬಂದು ಕೂತರೆ ಮೊಣಕೈ ತಡೆಯುವುದಿಲ್ಲ. ಅದಕ್ಕೇ ಈ ಪದಗಳನ್ನು ಬಿಡಿಸಿ ಬರೆಯಲೇಬೇಕು ಅಂತ ನನ್ನ ಹಟ.

ಬಾಳಿಕೆಗೆ ‘ಬಾಳಿಕೆ’ ಅಂತಲೇ ಬರೆದರೆ ಆಯಿತು. ಪೌಂಡ್ ಲೆಕ್ಕದಲ್ಲಿ ಎಳೆಯುವುದಕ್ಕೆ ‘ಬಿಗಿ’ ಸಾಕು ಅನ್ನಿಸುತ್ತದೆ. ವಿಜ್ಞಾನದ ಪಠ್ಯದಲ್ಲಿ ಬರುವ ‘ಕರ್ಷಣ’ ನನಗೆ ಬೇಡ, ಅಂಗಡಿಯಲ್ಲಿ ಯಾರೂ ಆಡುವುದಿಲ್ಲ. ಕಷ್ಟ ಇರುವುದು ಸುಲಭಕ್ಕೆ ಬಗ್ಗದ ಗುಣಕ್ಕೆ. ‘ಗಡಸು’ ಅಂದರೆ ಓದುವವರಿಗೆ ಗಡಸು ನೀರು, ಗಡಸು ದನಿ ನೆನಪಾಗುತ್ತದೆ. ‘ಬಿರುಸು’ ಅಂದರೆ ಮಳೆ, ಗಾಳಿ, ವೇಗ. ನನ್ನ ಒಲವು ‘ಪೆಡಸು’ ಕಡೆಗೆ. ನಮ್ಮ ಮನೆಯಲ್ಲಿ ಹೊಸ ಹಗ್ಗಕ್ಕೆ, ಒಗೆದು ಒಣಗಿ ಸೆಟೆದುಕೊಂಡ ಬಟ್ಟೆಗೆ ಪೆಡಸು ಅನ್ನುತ್ತಾರೆ. ಎಳೆ ಒಂದೇ ಇದ್ದಾಗಲೂ, ರಾಕೆಟ್ಟಿಗೆ ಹಾಕುವ ಮೊದಲೂ ಇರುವ ಗುಣ ಇದು. ಬಿಗಿ ನಾವು ಎಳೆದರೆ ಬರುತ್ತದೆ, ಪೆಡಸು ಎಳೆಯಲ್ಲೇ ಇರುತ್ತದೆ. ಈ ವ್ಯತ್ಯಾಸ ಅಪ್ಪ-ಅಮ್ಮಂದಿರ ತಲೆಗೆ ಹೋದರೆ ಅರ್ಧ ಕೆಲಸ ಮುಗಿದ ಹಾಗೆ. ಯಾಕೆಂದರೆ ಆಗ ಮುಂದಿನ ಮಾತು ತಾನಾಗಿ ಅರ್ಥವಾಗುತ್ತದೆ: ಎಳೆ ಪೆಡಸಾಗಿದ್ದರೆ ಬಿಗಿ ಕಡಿಮೆ ಮಾಡಬೇಕು. ನೈಲಾನಿಗೆ 55 ಪೌಂಡ್ ಹಾಕಿಸುತ್ತಿದ್ದವರು ಪಾಲಿಯೆಸ್ಟರಿಗೆ 50ರ ಆಸುಪಾಸಿಗೆ ಇಳಿಸುವುದು ವಾಡಿಕೆ.

ಹೊಸ ತಲೆಮಾರಿನ ಮಕ್ಕಳು ‘ಪೆಡಸು’ ಕೇಳಿದ್ದಾರಾ? ಮಂಡ್ಯ, ಕೆ.ಆರ್. ಪೇಟೆ ಕಡೆಯವರು ಈ ಪದವನ್ನು ಯಾವುದಕ್ಕೆ ಬಳಸುತ್ತೀರಿ? ದಯವಿಟ್ಟು ತಿಳಿಸಿ.

ಎರಡನೆಯ ತೊಡಕು ‘ಹೋಯ್ತು’. ನಮ್ಮಲ್ಲಿ “ಸ್ಟ್ರಿಂಗ್ ಹೋಯ್ತು” ಅಂದರೆ ಕಿತ್ತು ಹೋಯಿತು ಅಂತಲೇ ಅರ್ಥ. ಪಾಲಿಯೆಸ್ಟರ್ ವಿಷಯದಲ್ಲಿ ಹಾಗಲ್ಲ. ಅದು ಕಿತ್ತು ಹೋಗುವ ಎಷ್ಟೋ ಮೊದಲೇ ಕೆಲಸಕ್ಕೆ ಬಾರದ ಹಾಗೆ ಆಗಿರುತ್ತದೆ. ಮೆಷಿನ್ನಿಂದ ಇಳಿಸಿದ ಗಳಿಗೆಯಿಂದಲೇ ಬಿಗಿ ಇಳಿಯಲು ಶುರು, ಆಡದೆ ಸುಮ್ನೆ ಗೋಡೆಗೆ ನೇತುಹಾಕಿದರೂ ಇಳಿಯುತ್ತದೆ. ಇದಕ್ಕೆ ನಮ್ಮ ಊರಿನ ವೀಣೆಯವರ ಮಾತು ಚೆನ್ನಾಗಿ ಹೊಂದುತ್ತದೆ: ‘ಶ್ರುತಿ ಇಳಿದಿದೆ’. ರಾಕೆಟ್ಟನ್ನು ಅಂಗೈಗೆ ತಟ್ಟಿ ಕೇಳಿದರೆ ನಿಜಕ್ಕೂ ದನಿ ಇಳಿದಿರುತ್ತದೆ. ಬಿಗಿ ಕಡಿಮೆಯಾದರೆ ನಾದವೂ ತಗ್ಗುತ್ತದೆ.

ಆದರೆ ಅಷ್ಟೇ ಅಲ್ಲ. ಚೆಂಡು ರಾಕೆಟ್ಟಿನ ಮೇಲೆ ಇರುವುದು ಸೆಕೆಂಡಿನ ಸುಮಾರು ಇನ್ನೂರನೇ ಒಂದು ಭಾಗ. ಅಷ್ಟರಲ್ಲಿ ಉದ್ದದ ಎಳೆಗಳು ಅಡ್ಡ ಎಳೆಗಳ ಮೇಲೆ ಪಕ್ಕಕ್ಕೆ ಜಾರಿ, ಚಿಮ್ಮಿ ತಮ್ಮ ಜಾಗಕ್ಕೆ ಮರಳುತ್ತವೆ. ಮರಳುವಾಗ ಚೆಂಡಿಗೆ ಇನ್ನಷ್ಟು ಸ್ಪಿನ್, ಅಂದರೆ ಗಿರಕಿ, ಕೊಡುತ್ತವೆ. ಪಾಲಿಯೆಸ್ಟರ್ ನುಣುಪು, ಪೆಡಸು, ಒಂಟಿ ಎಳೆ. ಅದಕ್ಕೇ ಈ ಕೆಲಸದಲ್ಲಿ ಅದರ ಮುಂದೆ ನೈಲಾನ್ ನಿಲ್ಲುವುದಿಲ್ಲ. ಆಡಿ ಆಡಿ ಹಳೆಯದಾದ ಪಾಲಿಯೆಸ್ಟರನ್ನು ಕತ್ತರಿಸಿ ತೆಗೆದಾಗ ಒಂದು ಎಳೆ ಕೈಗೆ ತೆಗೆದುಕೊಂಡು ನೋಡಿ. ಅಡ್ಡ ಎಳೆ ದಾಟಿದ ಒಂದೊಂದು ಜಾಗದಲ್ಲೂ ಸಣ್ಣ ಕಚ್ಚು ಬಿದ್ದಿರುತ್ತದೆ. ಉಗುರು ಓಡಿಸಿದರೆ ಟಕ್ ಟಕ್ ಅಂತ ಸಿಕ್ಕಿಕೊಳ್ಳುತ್ತದೆ. ಕಚ್ಚು ಆಳವಾದ ಮೇಲೆ ಎಳೆ ಜಾರುವುದೂ ಇಲ್ಲ, ಜಾರಿದ್ದು ಮರಳುವುದೂ ಇಲ್ಲ. ಪ್ರತಿ ಪಾಯಿಂಟ್ ಆದ ಮೇಲೂ ಬೆರಳಲ್ಲಿ ಸರಿ ಮಾಡಬೇಕಾಗಿ ಬಂದರೆ ಆ ಪಾಲಿಯೆಸ್ಟರ್ ಮುಗಿಯಿತು ಅಂತಲೇ ಲೆಕ್ಕ. ಇದಕ್ಕೆ ಮಕ್ಕಳು ‘ಡೆಡ್ ಆಗಿದೆ’ ಅನ್ನುತ್ತಾರೆ. ನಾನು ‘ಪುಟಿತ ಸತ್ತಿದೆ’ ಅಂತ ಬರೆದಿದ್ದೇನೆ. ಎಳೆ ಚಿಮ್ಮಿ ಮರಳುವುದಕ್ಕೆ ‘ಮರುಪುಟಿತ’ ಅಂದರೆ ಹೇಗೆ? ಕೇಳಲು ಹೊಸದು, ಆದರೆ ಅರ್ಥ ಮುಚ್ಚಿಕೊಂಡಿಲ್ಲ.

ಇನ್ನು ‘ಗಟ್’. ಬ್ಯಾಡ್ಮಿಂಟನ್ ಕಾಲದಿಂದ ನಮ್ಮಲ್ಲಿ ಯಾವ ಸ್ಟ್ರಿಂಗಿಗೂ ಗಟ್ ಅಂತಲೇ ಹೆಸರು, ಹಾಕುವುದಕ್ಕೆ ಗಟ್ಟಿಂಗ್. ಆದರೆ ಅಸಲಿ ಗಟ್ ಅಂದರೆ ದನದ ಕರುಳಿನಿಂದ ಮಾಡಿದ್ದು. ಫ್ರಾನ್ಸಿನ ಲಿಯೋನ್‌ನಲ್ಲಿ ಬಾಬೊಲಾ ಕಂಪನಿ 1875ರಲ್ಲೇ ಕರುಳಿನ ಎಳೆಯನ್ನು ಟೆನಿಸ್‌ಗೆ ತಂದಿತು. ಇವತ್ತಿಗೂ ಅಷ್ಟು ಮೆದುವಾದ, ಅಷ್ಟು ದಿನ ಬಿಗಿ ಹಿಡಿದಿಡುವ ಎಳೆ ಇನ್ನೊಂದಿಲ್ಲ. ಬೆಲೆಯೂ ಜಾಸ್ತಿ, ಒದ್ದೆಯಾದರೆ ಕೆಡುತ್ತದೆ. ಕೈಪಿಡಿಯಲ್ಲಿ ಇದನ್ನು ‘ಕರುಳಿನ ಎಳೆ’ ಅಂತ ಬಿಚ್ಚಿಯೇ ಬರೆಯಬೇಕು ಅಂತ ನನ್ನ ಅಭಿಪ್ರಾಯ. ಕರುಳಿನದು ಅಂತ ಗೊತ್ತಾದರೆ ಬೇಡ ಅನ್ನುವ ಮನೆಗಳು ಮೈಸೂರಿನಲ್ಲಿ ಬೇಕಾದಷ್ಟಿವೆ. ತಿಳಿದು ಆರಿಸಿಕೊಳ್ಳಲಿ.

ಉದ್ದದ ಎಳೆ, ಅಡ್ಡದ ಎಳೆಗೆ ನೇಕಾರರ ಮಾತಿನ ಹಾಗೆ ‘ಹಾಸು’, ‘ಹೊಕ್ಕು’ ಅನ್ನಬಹುದಾ? ರಾಕೆಟ್ಟಿಗೂ ಮೊದಲು ಉದ್ದದವನ್ನು ಎಳೆದು ಕಟ್ಟಿ, ಆಮೇಲೆ ಅಡ್ಡದವನ್ನು ಒಂದರ ಮೇಲೆ ಒಂದರ ಕೆಳಗೆ ತೂರಿಸುತ್ತಾರೆ, ಥೇಟ್ ಮಗ್ಗದ ಹಾಗೆ. 1912ರಿಂದ ರೇಷ್ಮೆ ನೇಯುತ್ತಿರುವ ಕಾರ್ಖಾನೆ ಇರುವ ಊರಿಗೆ ಈ ಪದ ಹೊರಗಿನದಲ್ಲ. ನನಗಂತೂ ಬಹಳ ಇಷ್ಟ. ಆದರೆ ಮಗ್ಗ ನೋಡದ ಮಕ್ಕಳಿಗೆ ಹಾಸು ಅಂದರೆ ಹಾಸಿಗೆಯೇ. ಸದ್ಯಕ್ಕೆ ‘ಉದ್ದೆಳೆ’, ‘ಅಡ್ಡೆಳೆ’ ಅಂತ ಇಟ್ಟಿದ್ದೇನೆ. ಮೇಲುಕೋಟೆಯ ನೇಕಾರರ ಬಳಕೆ ಬಲ್ಲವರು ಏನಂತೀರಿ?

ಈ ಪದಗಳನ್ನು ಇಟ್ಟುಕೊಂಡು ಬರೆದ ಕರಡಿನ ಮುಖ್ಯ ಭಾಗ ಇಲ್ಲಿದೆ. ಎಲ್ಲಿ ಎಡವುತ್ತದೆ ನೋಡಿ:

“ಪೂರಾ ತೋಳು ಬೀಸಿ, ಟಾಪ್‌ಸ್ಪಿನ್ (ಚೆಂಡಿಗೆ ಮುಮ್ಮುಖ ಗಿರಕಿ) ಕೊಟ್ಟು ಜೋರಾಗಿ ಹೊಡೆಯುವವರಿಗೆ, ನೈಲಾನನ್ನು ಪದೇ ಪದೇ ಕಿತ್ತುಹಾಕುವವರಿಗೆ ಪಾಲಿಯೆಸ್ಟರ್ ಹೇಳಿ ಮಾಡಿಸಿದ್ದು. ಅದು ಚೆಂಡನ್ನು ತಾನಾಗಿ ದೂರ ಎಸೆಯುವುದಿಲ್ಲ. ಹಾಗಾಗಿ ಅಂಥವರು ಅಳುಕಿಲ್ಲದೆ ಬೀಸಬಹುದು. ಬ್ರೆಜಿಲ್‌ನ ಗುಸ್ತಾವೊ ಕುಯೆರ್ಟನ್ 1997ರಲ್ಲಿ 66ನೇ ರ‍್ಯಾಂಕಿನಿಂದ ಬಂದು ಫ್ರೆಂಚ್ ಓಪನ್ ಗೆದ್ದಾಗ ಅವರ ರಾಕೆಟ್ಟಿನಲ್ಲಿ ಇದ್ದದ್ದು ಬೆಲ್ಜಿಯಂನ ಲಕ್ಸಿಲಾನ್ ಪಾಲಿಯೆಸ್ಟರ್. ಆಮೇಲೆ ಆಟದ ರೀತಿಯೇ ಬದಲಾಯಿತು.

ಕಲಿಯಲು ಶುರು ಮಾಡಿದವರಿಗೆ, ಮೆಲ್ಲಗೆ ಬೀಸುವವರಿಗೆ ಇದೇ ಗುಣ ಹೊರೆ. ಪೆಡಸು ಎಳೆಯನ್ನು ಬಗ್ಗಿಸುವ ರಭಸ ಅವರ ಹೊಡೆತದಲ್ಲಿ ಇರುವುದಿಲ್ಲ. ಚೆಂಡೂ ಮುಂದೆ ಹೋಗುವುದಿಲ್ಲ, ಏಟೂ ಕೈಗೆ ಬರುತ್ತದೆ. ಚಿಕ್ಕ ಮಕ್ಕಳಿಗೆ ಬೇಡವೇ ಬೇಡ. ಮೊಣಕೈ, ಭುಜ ನೋವಿರುವವರಿಗೂ, ನೆಟ್ ಹತ್ತಿರ ನಯವಾಗಿ ವಾಲಿ (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವುದು) ಆಡುವ ಹಿರಿಯರಿಗೂ ಸಣ್ಣ ಸಣ್ಣ ನೂಲು ಸೇರಿಸಿ ಮಾಡಿದ ಮೆದು ನೈಲಾನ್ ವಾಸಿ. ಪಾಲಿಯೆಸ್ಟರ್ ಬೇಕೇ ಬೇಕು ಅನ್ನುವವರು ಉದ್ದೆಳೆ ಪಾಲಿಯೆಸ್ಟರ್, ಅಡ್ಡೆಳೆ ನೈಲಾನ್ ಹಾಕಿಸಿ ನೋಡಬಹುದು. ರೋಜರ್ ಫೆಡರರ್ ಇದನ್ನೇ ತಿರುಗಿಸಿ, ಉದ್ದೆಳೆಗೆ ಕರುಳು, ಅಡ್ಡೆಳೆಗೆ ಪಾಲಿಯೆಸ್ಟರ್ ಹಾಕಿಸುತ್ತಿದ್ದರು.

ಕಿತ್ತು ಹೋಗಲಿಲ್ಲ ಅಂತ ಪಾಲಿಯೆಸ್ಟರನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬೇಡಿ. ಶ್ರುತಿ ಇಳಿದು, ಪುಟಿತ ಸತ್ತ ಮೇಲೆ ಕತ್ತರಿಸಿ ತೆಗೆಸಿ. ಅಷ್ಟು ಸಲ ಬದಲಿಸಲು ಆಗದಿದ್ದರೆ ನೈಲಾನ್ ಹಾಕಿಸುವುದೇ ಕೈಗೆ ಒಳ್ಳೆಯದು, ಜೇಬಿಗೂ ಒಳ್ಳೆಯದು.”

ಕರಡಿನಲ್ಲಿ ‘ಗಟ್ಟಿ’ ಒಂದು ಸಲವೂ ಬಾರದ ಹಾಗೆ ಬೇಕೆಂದೇ ನೋಡಿಕೊಂಡಿದ್ದೇನೆ. ‘ಸಣ್ಣ ನೂಲು’ ಅಂದಿದ್ದರ ಬಗ್ಗೆ ಮಾತ್ರ ಅನುಮಾನ ಉಳಿದಿದೆ. ನಮ್ಮಲ್ಲಿ ಸಣ್ಣ ಅಂದರೆ ತೆಳ್ಳಗಿನದೂ ಹೌದು, ಗಿಡ್ಡದ್ದೂ ಹೌದು. ‘ತೆಳು ನೂಲು’ ಮಾಡಲಾ? ಜೊತೆಗೆ ಎಳೆಯ ದಪ್ಪ ಹೇಳುವ ಗೇಜ್ ಅಂಕಿ ಬೇರೆ ಇದೆ: 16ಕ್ಕಿಂತ 17 ತೆಳು, ಅಂಕಿ ಏರಿದಷ್ಟೂ ಎಳೆಯ ದಪ್ಪ ಇಳಿಯುತ್ತದೆ. ಅದನ್ನು ಬಿಟ್ಟು 1.30, 1.25, 1.20 ಅಂತ ಮಿಲಿಮೀಟರಿನಲ್ಲೇ ಕೊಡೋಣ ಅಂದುಕೊಂಡಿದ್ದೇನೆ.

ಮುಂದಿನ ವಾರ ಡಿಟಿಪಿಗೆ ಕೊಡಬೇಕು. ಅಷ್ಟರೊಳಗೆ ‘ಪೆಡಸು’, ‘ಮರುಪುಟಿತ’, ‘ಹಾಸು-ಹೊಕ್ಕು’ ಈ ಮೂರರ ಬಗ್ಗೆಯಾದರೂ ನಿಮ್ಮ ಊರಿನ ಬಳಕೆ ಬರೆದು ತಿಳಿಸಿ.

ವಂದನೆಗಳು,
ಸರಸ್ವತಿಪುರಂ, ಮೈಸೂರು